ಬೂನ್‌ವಿಲ್‌ನ ಪ್ರೆಸ್ಸಿನಿಂದ ವಿಶ್ವವಿದ್ಯಾಲಯದ ಕ್ಲಾಸಿಗೆ: ವಾಲ್ಟರ್ ವಿಲಿಯಮ್ಸ್ ಬದುಕು

(ಪತ್ರಿಕಾ ದಿನದ ಮಾರನೇ ದಿನ ಒಂದು ಪದವಿ ಕಾಲೇಜಿನ ಪತ್ರಿಕೋದ್ಯಮ ವಿಭಾಗದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿನ್ನೆ ಜುಲೈ 1. ರಾಜ್ಯದ ಎಲ್ಲ ಕಡೆ ಪತ್ರಿಕಾ ದಿನ ಆಚರಿಸಿದರು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ತಂದರು. ಕಲ್ಲಚ್ಚಿನಲ್ಲಿ ಮುದ್ರಿಸಿದ, ಹದಿನೈದು ದಿನಕ್ಕೊಮ್ಮೆ ಬರುವ ಪತ್ರಿಕೆ. ಇದು ನಿಮಗೆಲ್ಲ ಗೊತ್ತು, ಪರೀಕ್ಷೆಯಲ್ಲೂ ಬರೆದಿದ್ದೀರಿ. ಇವತ್ತು ಜುಲೈ 2. 1864ರ ಇದೇ ದಿನ ಅಮೆರಿಕದ ಮಿಸೌರಿ ರಾಜ್ಯದ ಬೂನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಒಬ್ಬ ಹುಡುಗ ಹುಟ್ಟಿದ. ಹೆಸರು ವಾಲ್ಟರ್ ವಿಲಿಯಮ್ಸ್. ನಿಮ್ಮ ವಿಭಾಗ, ನಿಮ್ಮ ಸಿಲಬಸ್, ನಾನು ಇಲ್ಲಿ ನಿಂತು ಮಾತಾಡುತ್ತಿರುವುದು, ಇವೆಲ್ಲದರ ಹಿಂದೆ ಆ ಮನುಷ್ಯನ ಕೆಲಸ ಸ್ವಲ್ಪವಾದರೂ ಇದೆ. ಆದರೆ ನಮ್ಮ ಪಠ್ಯದಲ್ಲಿ ಅವರ ಬಗ್ಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಅವರನ್ನೇ ಯಾಕೆ ಆರಿಸಿಕೊಂಡೆ ಅಂತ ಕೇಳಬಹುದು. ಹಿಂದಿನ ಬೆಂಚುಗಳಲ್ಲಿ ನಮ್ಮ ತಾಲ್ಲೂಕಿನ ವರದಿಗಾರ ಮಿತ್ರರು ಕೂತಿದ್ದಾರೆ. ಅವರಿಗೆ ಗೊತ್ತು, ನಾನೂ ಅವರ ಸಾಲಿನಿಂದಲೇ ಬಂದವನು. ಪಾಠ ಮಾಡಲು ಬರುವ ಮುಂಚೆ ಬಹಳ ವರ್ಷ ತಾಲ್ಲೂಕು ವರದಿಗಾರನಾಗಿದ್ದೆ. ಸಂಜೆ ಬಸ್ ಸ್ಟ್ಯಾಂಡಿಗೆ ಓಡಿ, ಸುದ್ದಿ ಮತ್ತು ಫೋಟೋ ಇಟ್ಟ ಕವರನ್ನು ಡ್ರೈವರ್ ಕೈಗೆ ಕೊಟ್ಟು, ಜಿಲ್ಲಾ ಕೇಂದ್ರದ ಕಚೇರಿಗೆ ಫೋನ್ ಮಾಡಿ ಬಸ್ ನಂಬರ್ ಹೇಳುವ ಕಾಲ ಅದು. ಬಸ್ ತಪ್ಪಿದರೆ ಸುದ್ದಿ ಒಂದು ದಿನ ಹಳತು. ಆ ಬದುಕಿನಿಂದ ಕ್ಲಾಸಿಗೆ ಬಂದಾಗ ನನಗೆ ಒಂದೇ ಪ್ರಶ್ನೆ ಕಾಡುತ್ತಿತ್ತು. ಸಣ್ಣ ಊರಿನಲ್ಲಿ ಪತ್ರಿಕೆ ಮಾಡಿದವನು ಕಾಲೇಜಿಗೆ ಏನನ್ನು ತರಬಲ್ಲ? ಪುಸ್ತಕದಲ್ಲಿ ಇಲ್ಲದ್ದು ಅವನ ಹತ್ತಿರ ಏನಿದೆ? ವಿಲಿಯಮ್ಸ್ ಬದುಕಿನಲ್ಲಿ ಅದಕ್ಕೆ ಉತ್ತರ ಇದೆ ಅಂತ ನನ್ನ ನಂಬಿಕೆ.

ಬೂನ್‌ವಿಲ್ ಇರುವುದು ಮಿಸೌರಿ ನದಿಯ ದಂಡೆಯ ಮೇಲೆ. ವಿಲಿಯಮ್ಸ್ ಹುಟ್ಟಿದಾಗ ಅಮೆರಿಕದಲ್ಲಿ ಅಂತರ್ಯುದ್ಧ ಇನ್ನೂ ಮುಗಿದಿರಲಿಲ್ಲ. 1861ರಲ್ಲಿ ಆ ಊರಿನ ಹತ್ತಿರವೇ ಒಂದು ಕಾಳಗ ನಡೆದಿತ್ತು. ಮನೆಯಲ್ಲಿ ಅವರೇ ಕಡೆಯ ಮಗ. ಎಳೆಯ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಅಣ್ಣ ಅಕ್ಕಂದಿರ ಆಸರೆಯಲ್ಲಿ ಬೆಳೆದರು. ಶಾಲೆ ಮುಗಿಯಿತು, ಕಾಲೇಜಿಗೆ ಹೋಗುವ ಅನುಕೂಲ ಇರಲಿಲ್ಲ. ಊರಿನ ‘ಟಾಪಿಕ್’ ಎಂಬ ವಾರಪತ್ರಿಕೆಯ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದರು.

ಪ್ರೆಸ್ಸಿನ ಹುಡುಗ ಅಂದರೆ ಏನು ಕೆಲಸ ಅಂತ ಇವತ್ತಿನ ಹುಡುಗರಿಗೆ ಹೇಳಬೇಕಾಗುತ್ತದೆ. ಬೆಳಿಗ್ಗೆ ಬಂದು ನೆಲ ಗುಡಿಸಬೇಕು. ರೋಲರ್ ಮೇಲಿನ ಶಾಯಿ ಒರೆಸಬೇಕು. ಹಿಂದಿನ ವಾರ ಜೋಡಿಸಿದ ಪುಟ ಬಿಚ್ಚಿ, ಒಂದೊಂದು ಅಚ್ಚುಮೊಳೆಯನ್ನೂ ಅದರದರ ಖಾನೆಗೆ ವಾಪಸ್ ಹಾಕಬೇಕು. ಆಮೇಲೆ ನಿಧಾನಕ್ಕೆ ಮೊಳೆ ಜೋಡಿಸುವುದು ಕಲಿಯಬೇಕು. ಸಾಲು ತಲೆಕೆಳಗಾಗಿ, ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕಾಣುತ್ತದೆ. ನಮ್ಮಲ್ಲೂ ಎಂಬತ್ತರ ದಶಕದವರೆಗೆ ಊರೂರಿನ ಪ್ರೆಸ್ಸುಗಳಲ್ಲಿ ಇದೇ ಕೆಲಸ ನಡೆಯುತ್ತಿತ್ತು. ಕನ್ನಡದ್ದು ಇನ್ನೂ ಕಷ್ಟ. ಒತ್ತಕ್ಷರ, ಗುಣಿತ ಎಲ್ಲ ಸೇರಿ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಜಾಸ್ತಿ ಮೊಳೆಗಳು. ನಮ್ಮ ಜಿಲ್ಲಾ ಪತ್ರಿಕೆಗಳ ಹಿರಿಯ ಸಂಪಾದಕರಲ್ಲಿ ಹಲವರು ಕೈಗೆ ಮಸಿ ಹತ್ತಿಸಿಕೊಂಡೇ ಸಂಪಾದಕರಾದವರು. ಸುದ್ದಿ ಬರೆಯುವುದು, ಮೊಳೆ ಜೋಡಿಸುವುದು, ಕರಡು ತಿದ್ದುವುದು, ಜಾಹೀರಾತು ಕೇಳುವುದು, ಕೊನೆಗೆ ಪತ್ರಿಕೆಯ ಕಟ್ಟನ್ನು ಬಸ್ಸಿಗೆ ಹಾಕುವುದು, ಎಲ್ಲವೂ ಅವರದೇ.

ಮೊಳೆ ಜೋಡಿಸುವವನಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ. ಪ್ರತಿ ಅಕ್ಷರಕ್ಕೂ ಕೈ ಎತ್ತಬೇಕು. ಹಾಗಾಗಿ ಬೇಡದ ಪದ ಬೇಡ ಅಂತ ಕೈಯೇ ಹೇಳುತ್ತದೆ. ಇನ್ನೊಬ್ಬರು ಬರೆದ ವಾಕ್ಯವನ್ನು ಅಕ್ಷರ ಅಕ್ಷರವಾಗಿ ಮುಟ್ಟಿ ಓದುತ್ತಾನೆ. ಹೆಸರು ತಪ್ಪಿದ್ದರೆ ಅವನಿಗೇ ಮೊದಲು ಗೊತ್ತಾಗುತ್ತದೆ, ಯಾಕೆಂದರೆ ಆ ಹೆಸರಿನವರು ಪಕ್ಕದ ಬೀದಿಯಲ್ಲೇ ಇರುತ್ತಾರೆ. ವಿಲಿಯಮ್ಸ್ ಪತ್ರಿಕೋದ್ಯಮ ಕಲಿತದ್ದು ಹೀಗೆ.

ಇಪ್ಪತ್ತರ ಆಸುಪಾಸಿನಲ್ಲಿ ಅವರು ‘ಬೂನ್‌ವಿಲ್ ಅಡ್ವರ್ಟೈಸರ್’ ಪತ್ರಿಕೆಯ ಸಂಪಾದಕರಾದರು. 1889ರಲ್ಲಿ ಮಿಸೌರಿ ಪ್ರೆಸ್ ಅಸೋಸಿಯೇಷನ್ ಅಧ್ಯಕ್ಷರಾದರು. ಆಗ ಅವರಿಗೆ ಇಪ್ಪತ್ತೈದರ ವಯಸ್ಸು. ಕಾಲೇಜು ಮೆಟ್ಟಿಲು ಹತ್ತದ, ಸಣ್ಣ ಊರಿನ ಹುಡುಗನನ್ನು ರಾಜ್ಯದ ಪತ್ರಕರ್ತರು ತಮ್ಮ ಮುಂದಾಳು ಮಾಡಿಕೊಂಡರು. ಅದೇ ಹೊತ್ತಿಗೆ ಕೊಲಂಬಿಯಾ ಎಂಬ ಊರಿನ ಎಡ್ವಿನ್ ಸ್ಟೀಫನ್ಸ್ ಎಂಬ ಪ್ರಕಾಶಕರು ತಮ್ಮ ‘ಮಿಸೌರಿ ಹೆರಾಲ್ಡ್’ ವಾರಪತ್ರಿಕೆಗೆ ಅವರನ್ನು ಕರೆಸಿಕೊಂಡರು.

ಕೊಲಂಬಿಯಾ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಎರಡು ಕೊಲಂಬಿಯಾಗಳಿವೆ. ಒಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಅಲ್ಲಿ ಪತ್ರಿಕಾ ಮಾಲೀಕ ಜೋಸೆಫ್ ಪುಲಿಟ್ಜರ್ ಕೊಟ್ಟ ಹಣದಿಂದ 1912ರಲ್ಲಿ ಪತ್ರಿಕೋದ್ಯಮ ಶಾಲೆ ಶುರುವಾಯಿತು. ಇನ್ನೊಂದು ಕೊಲಂಬಿಯಾ ಮಿಸೌರಿ ರಾಜ್ಯದ ಒಂದು ಊರು. ಮಿಸೌರಿ ವಿಶ್ವವಿದ್ಯಾಲಯ ಇರುವುದು ಅಲ್ಲಿ. ನಾವು ಮಾತಾಡುತ್ತಿರುವುದು ಈ ಎರಡನೆಯದರ ಬಗ್ಗೆ. ಆಗ ಅದು ಹತ್ತು ಸಾವಿರ ಜನವೂ ಇಲ್ಲದ ಊರು. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹೋಬಳಿ ಕೇಂದ್ರ ಅನ್ನಿ.

ಹೆರಾಲ್ಡ್ ಪತ್ರಿಕೆಗೆ ಒಳ್ಳೆಯ ಹೆಸರು ಬಂತು. ಊರಿನ ಸುದ್ದಿ ಚೊಕ್ಕವಾಗಿ ಕೊಡುತ್ತಿದ್ದರು, ಮುದ್ರಣವೂ ಅಚ್ಚುಕಟ್ಟು. ಬೇರೆ ಊರಿನ ಸಂಪಾದಕರು ಅದನ್ನು ಮಾದರಿ ಅಂತ ನೋಡುತ್ತಿದ್ದರು. ಭಾನುವಾರ ವಿಲಿಯಮ್ಸ್ ಚರ್ಚಿನಲ್ಲಿ ಬೈಬಲ್ ಪಾಠ ಹೇಳುತ್ತಿದ್ದರು. ಅದನ್ನು ಕೇಳಲು ಕಾಲೇಜು ಹುಡುಗರು ಗುಂಪಾಗಿ ಬರುತ್ತಿದ್ದರಂತೆ. ಪಾಠ ಮಾಡುವ ಕಲೆ ಅವರಿಗೆ ಅಲ್ಲಿಂದ ಕೂಡಿಬಂತು ಅಂತ ನನಗನ್ನಿಸುತ್ತದೆ. ಪದವಿಯಿಲ್ಲದ ಆ ಸಂಪಾದಕರನ್ನು ಆಮೇಲೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೂ ಸೇರಿಸಿಕೊಂಡರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅವರು ದೇಶ ದೇಶ ಸುತ್ತಿದರು. ಸೇಂಟ್ ಲೂಯಿಯಲ್ಲಿ 1904ರಲ್ಲಿ ನಡೆಯಲಿದ್ದ ದೊಡ್ಡ ವಸ್ತುಪ್ರದರ್ಶನದ ಬಗ್ಗೆ ಹೊರದೇಶದ ಪತ್ರಿಕೆಗಳಿಗೆ ತಿಳಿಸುವುದು ಅವರ ಕೆಲಸವಾಗಿತ್ತು. ಹೋದಲ್ಲೆಲ್ಲ ಪತ್ರಿಕಾ ಕಚೇರಿಗಳಿಗೆ ನುಗ್ಗಿ ಸಂಪಾದಕರ ಜೊತೆ ಮಾತಾಡಿದರು. ಬೂನ್‌ವಿಲ್‌ನ ಪ್ರೆಸ್ಸಿನಲ್ಲಿ ಕಲಿತ ಕಷ್ಟಸುಖ ಎಲ್ಲ ದೇಶದಲ್ಲೂ ಒಂದೇ ಅಂತ ಅವರಿಗೆ ಮನವರಿಕೆಯಾದದ್ದು ಆಗ.

ಈಗ ಮುಖ್ಯ ವಿಷಯಕ್ಕೆ ಬರೋಣ.

ಪತ್ರಿಕೋದ್ಯಮವನ್ನು ಕಾಲೇಜಿನಲ್ಲಿ ಕಲಿಸಬಹುದೇ ಅನ್ನುವ ಜಗಳ ಅಮೆರಿಕದಲ್ಲಿ ಬಹಳ ಹಳೆಯದು. 1869ರಲ್ಲೇ ವರ್ಜೀನಿಯಾದ ಒಂದು ಕಾಲೇಜಿನಲ್ಲಿ, ಅಂತರ್ಯುದ್ಧದಲ್ಲಿ ಸೋತ ದಂಡನಾಯಕ ರಾಬರ್ಟ್ ಲೀ ಪ್ರಾಂಶುಪಾಲರಾಗಿದ್ದಾಗ, ಮುದ್ರಣ ಕಲಿಯುವ ಹುಡುಗರಿಗೆ ವಿದ್ಯಾರ್ಥಿವೇತನ ಕೊಡುವ ಯೋಜನೆ ಬಂದಿತ್ತು. ಅದು ಬೇರು ಬಿಡಲಿಲ್ಲ. ಮಿಸೌರಿ ಪ್ರೆಸ್ ಅಸೋಸಿಯೇಷನ್ ಮಾತ್ರ ಪಟ್ಟು ಬಿಡದೆ ವರ್ಷಗಟ್ಟಲೆ ಕೇಳುತ್ತಲೇ ಇತ್ತು. ವಿರೋಧ ಎರಡೂ ಕಡೆಯಿಂದ. ‘ಸುದ್ದಿ ಬರೆಯುವುದನ್ನು ಸುದ್ದಿಮನೆಯಲ್ಲೇ ಕಲಿಯಬೇಕು, ಕ್ಲಾಸಿನಲ್ಲಿ ಏನು ಬರುತ್ತದೆ’ ಅಂತ ಪತ್ರಕರ್ತರು. ‘ಇದೂ ಒಂದು ವಿಷಯವೇ, ಇದಕ್ಕೊಂದು ಪದವಿಯೇ’ ಅಂತ ಪ್ರಾಧ್ಯಾಪಕರು. ನೂರು ವರ್ಷ ಕಳೆದರೂ ಈ ಎರಡು ಮಾತು ನಮ್ಮ ರಾಜ್ಯದಲ್ಲಿ ನಾನು ಕೇಳುತ್ತಲೇ ಇದ್ದೇನೆ. ಸುದ್ದಿಮನೆಗೆ ಹೋದರೆ ‘ಜರ್ನಲಿಸಂ ಓದಿದವರಿಗೆ ಒಂದು ಕಾಪಿ ನೆಟ್ಟಗೆ ಬರೆಯಲು ಬರಲ್ಲ’ ಅನ್ನುತ್ತಾರೆ. ಕಾಲೇಜಿಗೆ ಬಂದರೆ ‘ನಿಮ್ಮದು ಸುಲಭದ ವಿಷಯ ಅಲ್ವಾ’ ಅನ್ನುತ್ತಾರೆ.

ಕೊನೆಗೆ 1908ರ ಸೆಪ್ಟೆಂಬರ್ 14ರಂದು ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಶಾಲೆ ಶುರುವಾಯಿತು. ಜಗತ್ತಿನ ಮೊದಲ ಪತ್ರಿಕೋದ್ಯಮ ಶಾಲೆ ಅಂತ ಅದನ್ನು ಕರೆಯುತ್ತಾರೆ. ವಿಲಿಯಮ್ಸ್ ಅದರ ಮೊದಲ ಡೀನ್, ಅಂದರೆ ಮುಖ್ಯಸ್ಥರು. ಜೊತೆಗೆ ಇಬ್ಬರೇ ಅಧ್ಯಾಪಕರು, ಸೈಲಸ್ ಬೆಂಟ್ ಮತ್ತು ಚಾರ್ಲ್ಸ್ ರಾಸ್. ಇಬ್ಬರೂ ಪತ್ರಿಕೆಯಲ್ಲಿ ಕೆಲಸ ಮಾಡಿದವರೇ. ಈ ರಾಸ್ ಆಮೇಲೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಅವರ ಪತ್ರಿಕಾ ಕಾರ್ಯದರ್ಶಿಯಾದರು.

ಶಾಲೆ ಶುರುವಾದ ದಿನ ಏನು ಮಾಡಿದರು ಗೊತ್ತಾ? ಪತ್ರಿಕೆ ತಂದರು. ಅದೇ ದಿನ ‘ಯೂನಿವರ್ಸಿಟಿ ಮಿಸೌರಿಯನ್’ ಹೊರಬಂತು. ವಿದ್ಯಾರ್ಥಿಗಳಿಗೆ ಇನ್ನೂ ಬೆಂಚು ಸರಿಯಾಗಿ ಗೊತ್ತಿಲ್ಲ, ಸಿಲಬಸ್ ಗೊತ್ತಿಲ್ಲ. ಆದರೆ ಪತ್ರಿಕೆ ಕೈಯಲ್ಲಿದೆ. ಅದು ಕಾಲೇಜಿನ ಗೋಡೆಪತ್ರಿಕೆ ಆಗಿರಲಿಲ್ಲ, ವಾರ್ಷಿಕ ಸಂಚಿಕೆಯೂ ಆಗಿರಲಿಲ್ಲ. ಊರಿನವರು ದುಡ್ಡು ಕೊಟ್ಟು ಓದುವ ಪತ್ರಿಕೆ. ವಿದ್ಯಾರ್ಥಿಗಳು ಕೋರ್ಟಿಗೆ ಹೋಗಬೇಕು, ನಗರಸಭೆಗೆ ಹೋಗಬೇಕು, ಬೆಂಕಿ ಬಿದ್ದರೆ ಓಡಬೇಕು. ಬರೆದದ್ದನ್ನು ಊರಿನ ಇತರ ಪತ್ರಿಕೆಗಳ ಎದುರು ಮಾರಬೇಕು.

ಇದರಿಂದ ಕೊಲಂಬಿಯಾದ ಬೇರೆ ಪತ್ರಿಕೆಗಳಿಗೆ ಸಿಟ್ಟು ಬಂತು. ಸರ್ಕಾರದ ಹಣದಲ್ಲಿ ನಮಗೆ ಪೈಪೋಟಿ ಕೊಡುತ್ತೀರಾ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ವಿಷಯ ರಾಜ್ಯದ ಶಾಸಕರವರೆಗೂ ಹೋಯಿತು. ಆಮೇಲೆ ವಿದ್ಯಾರ್ಥಿಗಳ ಒಂದು ಸಂಘ ಮಾಡಿ, ಪತ್ರಿಕೆಯ ಖರ್ಚನ್ನು ಜಾಹೀರಾತು ಮತ್ತು ಚಂದಾ ಹಣದಿಂದಲೇ ತೂಗಿಸುವ ವ್ಯವಸ್ಥೆ ಮಾಡಿಕೊಂಡರು. ಪತ್ರಿಕೆ ನಿಲ್ಲಲಿಲ್ಲ. ‘ಕೊಲಂಬಿಯಾ ಮಿಸೌರಿಯನ್’ ಎಂಬ ಹೆಸರಿನಲ್ಲಿ ಅದು ಈಗಲೂ ಇದೆ.

ಆ ಕ್ಲಾಸುಗಳಲ್ಲಿ ಹುಡುಗಿಯರೂ ಇದ್ದರು. 1910ರಲ್ಲಿ ಮೇರಿ ಪ್ಯಾಕ್ಸ್‌ಟನ್ ಅಲ್ಲಿ ಪದವಿ ಪಡೆದ ಮೊದಲ ಹೆಣ್ಣುಮಗಳು. 1913ರಲ್ಲಿ ಪದವಿ ಪಡೆದ ಸಾರಾ ಲಾಕ್‌ವುಡ್ ಮುಂದೆ ಅಲ್ಲೇ ಅಧ್ಯಾಪಕಿಯಾದರು. ವಿಲಿಯಮ್ಸ್ ಅವರ ಮೊದಲ ಪತ್ನಿ ತೀರಿಕೊಂಡ ಹಲವು ವರ್ಷಗಳ ನಂತರ, 1927ರಲ್ಲಿ, ಅವರು ಮತ್ತು ಸಾರಾ ಮದುವೆಯಾದರು.

ಸಣ್ಣ ಊರಿನ ಪತ್ರಕರ್ತ ಕಾಲೇಜಿಗೆ ಏನು ತರುತ್ತಾನೆ ಅಂತ ಆಗ ಕೇಳಿದೆನಲ್ಲ? ನನ್ನ ಉತ್ತರ ಇದು. ಅವನು ಓದುಗನನ್ನು ತರುತ್ತಾನೆ. ನಾಳೆ ಬೆಳಿಗ್ಗೆ ಎದುರಿಗೆ ಸಿಗುವ ಓದುಗನನ್ನು. ಬೆಂಗಳೂರಿನ ಡೆಸ್ಕಿನಲ್ಲಿ ಕೂತು ಬರೆಯುವವರಿಗೆ ಓದುಗ ಅಂದರೆ ಒಂದು ಸಂಖ್ಯೆ. ತಾಲ್ಲೂಕು ವರದಿಗಾರನಿಗೆ ಓದುಗ ಅಂದರೆ ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿಗೆ ಬಂದು ಕೂತು, ‘ಏನ್ ಸಾರ್, ನಮ್ಮ ಕೆರೆ ಒತ್ತುವರಿ ಬಗ್ಗೆ ಬರೆದಿದ್ದೀರಿ, ಸರ್ವೆ ನಂಬರ್ ಬೇರೆ ಇದೆಯಲ್ಲ’ ಅಂತ ಕೇಳುವವನು. ಅವನ ಮಗಳು ನಿಮ್ಮ ಮಗಳ ಕ್ಲಾಸಿನಲ್ಲೇ ಇರುತ್ತಾಳೆ. ಅವನ ಅಂಗಡಿಯಿಂದಲೇ ನೀವು ಅಕ್ಕಿ ತರಬೇಕು. ಹೀಗಿದ್ದೂ ಬರೆಯಬೇಕು, ಹೀಗಿರುವುದರಿಂದಲೇ ಸರಿಯಾಗಿ ಬರೆಯಬೇಕು. ಈ ಭಯವನ್ನೂ ಈ ಜವಾಬ್ದಾರಿಯನ್ನೂ ನೋಟ್ಸ್ ಬರೆಸಿ ಕಲಿಸಲು ಆಗುವುದಿಲ್ಲ. ವಿಲಿಯಮ್ಸ್ ಇದನ್ನು ಮೊದಲ ದಿನವೇ ತಿಳಿದುಕೊಂಡಿದ್ದರು. ಅದಕ್ಕೇ ಅವರು ಕ್ಲಾಸಿನ ಜೊತೆ ಪತ್ರಿಕೆಯನ್ನೂ ತೆರೆದರು.

1914ರ ಸುಮಾರಿಗೆ ಅವರು ಪತ್ರಕರ್ತನ ನಂಬಿಕೆಗಳು ಏನಿರಬೇಕು ಅಂತ ಒಂದು ಪುಟದಷ್ಟು ಬರೆದರು. ಜಗತ್ತಿನಾದ್ಯಂತ ಅದು ಹೆಸರುವಾಸಿಯಾಯಿತು. ವಾಷಿಂಗ್ಟನ್‌ನ ನ್ಯಾಷನಲ್ ಪ್ರೆಸ್ ಕ್ಲಬ್ಬಿನ ಗೋಡೆಯ ಮೇಲೆ ಕಂಚಿನಲ್ಲಿ ಕೆತ್ತಿಸಿದ್ದಾರೆ. ಅದರ ಸಾರ ಇಷ್ಟು. ಪತ್ರಿಕೆ ಅನ್ನುವುದು ಜನ ನಮ್ಮ ಕೈಗೆ ನಂಬಿ ಕೊಟ್ಟ ಸ್ವತ್ತು, ಅದರಲ್ಲಿ ಕೆಲಸ ಮಾಡುವವರೆಲ್ಲ ಆ ಸ್ವತ್ತನ್ನು ಕಾಯುವವರು. ಮನಸ್ಸಿಗೆ ನಿಜ ಅನ್ನಿಸಿದ್ದನ್ನು ಮಾತ್ರ ಬರೆಯಬೇಕು. ಸಮಾಜದ ಒಳಿತನ್ನು ಬಿಟ್ಟು ಬೇರೆ ಯಾವ ಕಾರಣಕ್ಕೂ ಸುದ್ದಿ ಮುಚ್ಚಿಡುವುದು ಸರಿಯಲ್ಲ. ಎದುರಿಗೆ ನಿಂತು ಮರ್ಯಾದಸ್ಥನಾಗಿ ಹೇಳಲಾಗದ ಮಾತನ್ನು ಪತ್ರಕರ್ತನಾಗಿ ಬರೆಯಬಾರದು. ಇನ್ನೊಬ್ಬರ ಜೇಬಿನ ಲಂಚ ಎಷ್ಟು ಕೆಟ್ಟದ್ದೋ, ನಮ್ಮದೇ ಜೇಬಿನ ಆಸೆಗೆ ಬಗ್ಗುವುದೂ ಅಷ್ಟೇ ಕೆಟ್ಟದ್ದು.

ಇದರಲ್ಲಿ ಎದುರಿಗೆ ನಿಂತು ಹೇಳುವ ಮಾತಿದೆಯಲ್ಲ, ಅದನ್ನು ಸಣ್ಣ ಊರಿನವನು ಮಾತ್ರ ಬರೆಯಬಲ್ಲ. ಯಾಕೆಂದರೆ ಅವನು ನಿಜವಾಗಿಯೂ ಎದುರಿಗೆ ನಿಲ್ಲಬೇಕು. ಜೇಬಿನ ಆಸೆಯ ಮಾತನ್ನು ನಮ್ಮ ತಾಲ್ಲೂಕು ವರದಿಗಾರರು ಎರಡು ಸಲ ಓದಬೇಕು ಅಂತ ನಾನು ಪ್ರೀತಿಯಿಂದಲೇ ಹೇಳುತ್ತೇನೆ. ಅವರ ಕಷ್ಟ ನನಗೆ ಗೊತ್ತು. ಎಷ್ಟೋ ಕಡೆ ಗೌರವಧನ ಪೆಟ್ರೋಲಿಗೆ ಸಾಲುವುದಿಲ್ಲ. ಸುದ್ದಿ ತರುವವನಿಗೇ ಜಾಹೀರಾತು ತರುವ ಜವಾಬ್ದಾರಿಯನ್ನೂ ಕೊಡುತ್ತಾರೆ. ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಕೊಟ್ಟ ಮುಖಂಡನ ಮೇಲೆ ಮಾರನೇ ವಾರ ಹೇಗೆ ಬರೆಯುವುದು? ಈ ಇಕ್ಕಟ್ಟಿಗೆ ವರದಿಗಾರನನ್ನು ತಳ್ಳಿದವರು ಪತ್ರಿಕೆಯ ಮಾಲೀಕರು. ನೀತಿಪಾಠ ಮೊದಲು ಅವರಿಗೆ ಬೇಕು. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ವಿಲಿಯಮ್ಸ್ ಶಾಲೆಯ ಎದುರು ಒಂದು ಕಠಿಣ ಪರೀಕ್ಷೆ 1923ರಲ್ಲಿ ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಆ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಕಾಟ್ ಎಂಬ ಕಪ್ಪು ಜನಾಂಗದ ಒಬ್ಬರು ಸ್ವಚ್ಛತೆಯ ಕೆಲಸ ಮಾಡುತ್ತಿದ್ದರು. ಒಬ್ಬ ಪ್ರಾಧ್ಯಾಪಕರ ಮಗಳ ಮೇಲೆ ಹಲ್ಲೆ ಮಾಡಿದರು ಅನ್ನುವ ಆರೋಪ ಅವರ ಮೇಲೆ ಬಂತು. ಬಂಧಿಸಿ ಜೈಲಿಗೆ ಹಾಕಿದರು. ವಿಚಾರಣೆ ನಡೆಯುವ ಮೊದಲೇ, 1923ರ ಏಪ್ರಿಲ್ ಕೊನೆಯ ಒಂದು ರಾತ್ರಿ, ಬಿಳಿಯರ ಗುಂಪೊಂದು ಜೈಲು ಒಡೆದು ಅವರನ್ನು ಎಳೆದುಕೊಂಡು ಹೋಯಿತು. ನೂರಾರು ಜನ ನೋಡುತ್ತಾ ನಿಂತಿದ್ದರು. ವಿದ್ಯಾರ್ಥಿಗಳೂ ಇದ್ದರು. ಆ ಹುಡುಗಿಯ ತಂದೆಯೇ ಬಂದು, ಬೇಡ, ನ್ಯಾಯಾಲಯಕ್ಕೆ ಬಿಡಿ ಅಂತ ಬೇಡಿಕೊಂಡರು. ನಿನ್ನನ್ನೂ ಸೇರಿಸಿ ನೇಣು ಹಾಕುತ್ತೇವೆ ಅಂತ ಅವರನ್ನೇ ಹೆದರಿಸಿದರು. ಊರಿನ ಒಂದು ಸೇತುವೆಯಿಂದ ಸ್ಕಾಟ್ ಅವರನ್ನು ನೇಣು ಹಾಕಿದರು.

ಅಲ್ಲಿ ಚಾರ್ಲ್ಸ್ ನಟ್ಟರ್ ಎಂಬ ಹುಡುಗ ಇದ್ದ. ಪತ್ರಿಕೋದ್ಯಮದ ವಿದ್ಯಾರ್ಥಿ. ಮಿಸೌರಿಯನ್ ಪತ್ರಿಕೆಯ ವರದಿಗಾರನಾಗಿ ಹೋಗಿದ್ದ. ಕಣ್ಣಾರೆ ಕಂಡದ್ದನ್ನು ಅವನು ನುಂಗಿಕೊಳ್ಳಲಿಲ್ಲ. ಊರಿನಲ್ಲಿ ಹೆಸರಿದ್ದ ಒಬ್ಬ ವ್ಯಕ್ತಿಯ ಮೇಲೆ ಕೊಲೆಯ ಮೊಕದ್ದಮೆ ನಡೆದಾಗ, ನಟ್ಟರ್ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳಿದ. ಜೂರಿಯವರು ಕೆಲವೇ ನಿಮಿಷದಲ್ಲಿ ಆರೋಪಿಯನ್ನು ಬಿಟ್ಟುಬಿಟ್ಟರು.

ಇಪ್ಪತ್ತರ ಆಸುಪಾಸಿನ ಹುಡುಗ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರು. ಅಂಥ ಕಡೆ ಎಲ್ಲರೂ ‘ನಾನು ನೋಡಲಿಲ್ಲ’ ಅನ್ನುವಾಗ ‘ನಾನು ನೋಡಿದೆ’ ಅನ್ನುವುದು ಎಷ್ಟು ಕಷ್ಟ! ಕ್ಲಾಸಿನ ಪಾಠಕ್ಕೆ ಒಂದು ಬೆಲೆ ಇದೆ ಅನ್ನುವುದನ್ನು ನನಗೆ ಯಾವ ಪಠ್ಯವೂ ಆ ಹುಡುಗನಷ್ಟು ಚೆನ್ನಾಗಿ ಹೇಳಿಲ್ಲ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಪತ್ರಿಕೆ ಜನರ ಸ್ವತ್ತು ಅಂತ ಬರೆದ ಆ ಶಾಲೆಯ ಬಾಗಿಲು ಎಲ್ಲ ಜನರಿಗೂ ತೆರೆದಿರಲಿಲ್ಲ. ವಿಲಿಯಮ್ಸ್ ಕಾಲದಲ್ಲಿ ಮಿಸೌರಿ ವಿಶ್ವವಿದ್ಯಾಲಯ ಕಪ್ಪು ಜನಾಂಗದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1939ರಲ್ಲಿ, ಲೂಸಿಲ್ ಬ್ಲೂಫರ್ಡ್ ಎಂಬ ಪತ್ರಕರ್ತೆ ಸ್ನಾತಕೋತ್ತರ ಪತ್ರಿಕೋದ್ಯಮಕ್ಕೆ ಅರ್ಜಿ ಹಾಕಿದರು. ಆಕೆ ಕನ್ಸಾಸ್ ಸಿಟಿಯ ‘ಕಾಲ್’ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದರು, ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದಿದ್ದರು. ಅರ್ಜಿ ನೋಡಿ ಸೀಟು ಕೊಟ್ಟರು. ಸೇರಲು ಬಂದಾಗ ಮೈಬಣ್ಣ ನೋಡಿ ವಾಪಸ್ ಕಳಿಸಿದರು. ಆಕೆ ಕೋರ್ಟಿಗೆ ಹೋದರು. ಪ್ರಕರಣ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೊನೆಗೆ ವಿಶ್ವವಿದ್ಯಾಲಯ, ಆಕೆಗೆ ಸೀಟು ಕೊಡುವ ಬದಲು ಆ ಸ್ನಾತಕೋತ್ತರ ಕೋರ್ಸನ್ನೇ ನಿಲ್ಲಿಸಿಬಿಟ್ಟಿತು. ಬ್ಲೂಫರ್ಡ್ ‘ಕಾಲ್’ ಪತ್ರಿಕೆಯಲ್ಲೇ ದುಡಿದು ಅದರ ಸಂಪಾದಕಿಯಾಗಿ ದಶಕಗಳ ಕಾಲ ಬರೆದರು. 1984ರಲ್ಲಿ ಅದೇ ಪತ್ರಿಕೋದ್ಯಮ ಶಾಲೆ ಆಕೆಗೆ ಗೌರವ ಪದಕ ಕೊಟ್ಟಿತು, 1989ರಲ್ಲಿ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ವಿಲಿಯಮ್ಸ್ ಅವರನ್ನು ನಾನು ತುಂಬಾ ಗೌರವಿಸುತ್ತೇನೆ. ಹಾಗಿದ್ದೂ ಹೇಳುತ್ತೇನೆ, ಓದುಗನನ್ನು ಕ್ಲಾಸಿಗೆ ತಂದವರು ಊರಿನ ಒಂದು ಭಾಗದ ಓದುಗರನ್ನು ಹೊರಗೇ ಬಿಟ್ಟಿದ್ದರು. ನಮ್ಮ ಊರಿನ ಪತ್ರಿಕೆಗಳಲ್ಲೂ ಇದನ್ನು ಹುಡುಕಿ ನೋಡಿ. ದಲಿತ ಕೇರಿಯ ಸುದ್ದಿ ಯಾವಾಗ ಬರುತ್ತದೆ? ಹಲ್ಲೆಯಾದಾಗ, ಇಲ್ಲ ಜಯಂತಿಯ ದಿನ. ಅಲ್ಲಿನ ನೀರು, ರಸ್ತೆ, ಮಕ್ಕಳ ಫಲಿತಾಂಶ, ಮದುವೆ, ನಾಟಕ ಇವು ಎಲ್ಲಿ? ಬರೆಯುವವರು ಆ ಕೇರಿಯಿಂದ ಬರುವವರೆಗೂ ಈ ಕೊರತೆ ತುಂಬುವುದಿಲ್ಲ. ಈ ಕ್ಲಾಸಿನಲ್ಲಿ ಆ ಕೇರಿಗಳಿಂದ ಬಂದ ಮಕ್ಕಳಿದ್ದಾರೆ ಅನ್ನುವುದು ನನಗೆ ದೊಡ್ಡ ಸಮಾಧಾನ.

ವಿಲಿಯಮ್ಸ್ ಬದುಕಿನ ಕೊನೆಯ ಭಾಗ ಬೇಗ ಹೇಳಿ ಮುಗಿಸುತ್ತೇನೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಗತ್ತಿನ ಪತ್ರಕರ್ತರ ಒಂದು ಒಕ್ಕೂಟ ಶುರುವಾದಾಗ ಅದರ ಮೊದಲ ಅಧ್ಯಕ್ಷರಾದರು. ಅವರ ಶಿಷ್ಯರು ಚೀನಾ, ಜಪಾನ್‌ವರೆಗೂ ಹೋಗಿ ಪತ್ರಿಕೆ ಮಾಡಿದರು. ಶಾಂಘೈ ಮತ್ತು ಬೀಜಿಂಗ್‌ನಲ್ಲಿ ಪತ್ರಿಕೋದ್ಯಮ ಪಾಠ ಶುರುವಾದದ್ದರಲ್ಲಿ ಅವರ ಶಾಲೆಯವರ ಕೈ ಇದೆ. 1931ರಲ್ಲಿ ಇಡೀ ಮಿಸೌರಿ ವಿಶ್ವವಿದ್ಯಾಲಯಕ್ಕೇ ಅಧ್ಯಕ್ಷರಾದರು. ನಮ್ಮ ಲೆಕ್ಕದಲ್ಲಿ ಕುಲಪತಿ. ಕಾಲೇಜು ಓದದ ಮನುಷ್ಯ. ಆಗ ಆರ್ಥಿಕ ಕುಸಿತದ ಕಾಲ, ವಿಶ್ವವಿದ್ಯಾಲಯದ ಹತ್ತಿರ ದುಡ್ಡಿರಲಿಲ್ಲ. ಆ ಕಷ್ಟದಲ್ಲಿ ನಡೆಸಿಕೊಂಡು ಹೋದರು. 1935ರಲ್ಲಿ ಆರೋಗ್ಯ ಕೆಟ್ಟು ಹುದ್ದೆ ಬಿಟ್ಟರು. ಅದೇ ವರ್ಷ ಜುಲೈ 29ರಂದು ತೀರಿಕೊಂಡರು.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಬಂತು. ಕರ್ನಾಟಕದಲ್ಲಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಶುರುವಾಯಿತು. ಅದನ್ನು ಕಟ್ಟಿದವರು ನಾಡಿಗ ಕೃಷ್ಣಮೂರ್ತಿ. ಅವರು ಪತ್ರಿಕೋದ್ಯಮ ಓದಿ ಬಂದದ್ದು ಇದೇ ಮಿಸೌರಿಯಲ್ಲಿ. ಭಾರತೀಯ ಪತ್ರಿಕೋದ್ಯಮದ ಚರಿತ್ರೆಯನ್ನು ಅಶೋಕನ ಶಾಸನಗಳಿಂದ ಹಿಡಿದು ಬರೆದ ಅವರ ಇಂಗ್ಲಿಷ್ ಪುಸ್ತಕವನ್ನು ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ 1966ರಲ್ಲಿ ಪ್ರಕಟಿಸಿತು. ಬೂನ್‌ವಿಲ್‌ನ ಪ್ರೆಸ್ಸಿಗೂ ನಿಮ್ಮ ಈ ಕ್ಲಾಸಿಗೂ ಇರುವ ದಾರಿ ಮೈಸೂರಿನ ಮೇಲೆ ಹಾದು ಬರುತ್ತದೆ.

ಆದರೆ ಆ ದಾರಿಯಲ್ಲಿ ಒಂದನ್ನು ನಾವು ಎಲ್ಲೋ ಬಿಟ್ಟು ಬಂದೆವು. ಪತ್ರಿಕೆ! ರಾಜ್ಯದ ಎಷ್ಟೋ ಪದವಿ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಒಂದು ಐಚ್ಛಿಕ ವಿಷಯ. ಸಂವಹನದ ಮಾದರಿಗಳು, ಪತ್ರಿಕೆಗಳ ಇತಿಹಾಸ, ಕಾನೂನು, ಎಲ್ಲ ಓದುತ್ತಾರೆ. ಕೊನೆಗೆ ಒಂದು ಪ್ರಾಯೋಗಿಕ ಪತ್ರಿಕೆ ಮಾಡಿ, ಇಪ್ಪತ್ತು ಪ್ರತಿ ಕಲರ್ ಪ್ರಿಂಟ್ ತೆಗೆಸಿ, ಅಂಕಕ್ಕೆ ಒಪ್ಪಿಸುತ್ತಾರೆ. ಅದನ್ನು ಪರೀಕ್ಷಕರು ಓದುತ್ತಾರೆ. ಊರಿನ ಒಬ್ಬನೂ ಓದುವುದಿಲ್ಲ. ಓದುಗನಿಲ್ಲದೆ ಪತ್ರಿಕೋದ್ಯಮ ಕಲಿಸುವುದು ನೀರಿಲ್ಲದ ಕೆರೆಯಲ್ಲಿ ಈಜು ಕಲಿಸಿದ ಹಾಗೆ. ಮೈಸೂರಿನ ‘ಆಂದೋಲನ’, ದಾವಣಗೆರೆಯ ‘ಜನತಾವಾಣಿ’, ತುಮಕೂರಿನ ‘ಪ್ರಜಾಪ್ರಗತಿ’ಯಂಥ ಜಿಲ್ಲಾ ಪತ್ರಿಕೆಗಳು ಬೆಳೆದದ್ದು ಊರನ್ನು ಹಿಡಿದುಕೊಂಡು. ನಮ್ಮ ವಿಭಾಗಗಳು ಬೆಳೆಯಬೇಕಾದದ್ದೂ ಹಾಗೆಯೇ.

ಇನ್ನೊಂದು ಮಾತು, ಹಿಂದಿನ ಬೆಂಚಿನ ಗೆಳೆಯರಿಗೆ. ಇವತ್ತು ವಿಲಿಯಮ್ಸ್ ಬಂದು ಕೆಲಸ ಕೇಳಿದರೆ ಅತಿಥಿ ಉಪನ್ಯಾಸಕ ಹುದ್ದೆಗೂ ನಾವು ಅವರನ್ನು ತೆಗೆದುಕೊಳ್ಳುವಂತಿಲ್ಲ. ಎಂಎ ಇಲ್ಲ, ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ನೆಟ್ ಇಲ್ಲ. ಆದರೆ 2022ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಒಂದು ಮಾರ್ಗಸೂಚಿ ತಂದಿದೆ. ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ ಹುದ್ದೆ. ತಮ್ಮ ಕ್ಷೇತ್ರದ ಹಿರಿಯ ಹಂತದಲ್ಲಿ ಕನಿಷ್ಠ 15 ವರ್ಷ ದುಡಿದವರನ್ನು ಪದವಿಯ ಷರತ್ತಿಲ್ಲದೆ ಪಾಠಕ್ಕೆ ತೆಗೆದುಕೊಳ್ಳಬಹುದು. ಮಂಜೂರಾದ ಹುದ್ದೆಗಳ ಶೇ 10ರಷ್ಟು ಮೀರಬಾರದು, ಅಷ್ಟೇ. ಇದನ್ನು ದೊಡ್ಡ ಕಂಪನಿಯ ಅಧಿಕಾರಿಗಳಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಮೂವತ್ತು ವರ್ಷ ಜಿಲ್ಲಾ ಪತ್ರಿಕೆ ನಡೆಸಿದ ಸಂಪಾದಕರಿಗಿಂತ ದೊಡ್ಡ ತಜ್ಞರು ಇನ್ಯಾರು? ಕಾಲೇಜುಗಳು ಅವರನ್ನು ಹುಡುಕಿಕೊಂಡು ಹೋಗಬೇಕು.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಇಲ್ಲಿ ಕೊಡುತ್ತೇನೆ.

ದ್ವಿತೀಯ ವರ್ಷದ ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಸರ್, ಊರಿನ ಪತ್ರಿಕೆ ಮಾಡಿದರೆ ನಮ್ಮ ಮನೆಯವರಿಗೆ ತೊಂದರೆ ಆಗಲ್ವಾ? ನಮ್ಮಪ್ಪನಿಗೆ ಪಂಚಾಯಿತಿಯಲ್ಲಿ ಕೆಲಸ ಆಗಬೇಕು. ನಾನು ಅದೇ ಪಂಚಾಯಿತಿ ಬಗ್ಗೆ ಬರೆದರೆ?’

ನಾನು ಹೇಳಿದ್ದು: ಆಗುತ್ತದೆ ಅಮ್ಮ, ಆಗಲ್ಲ ಅಂತ ಸುಮ್ನೆ ಹೇಳಲಾರೆ. ಅದಕ್ಕೇ ನಿನ್ನ ಊರಿನ ಪಂಚಾಯಿತಿ ಸುದ್ದಿಗೆ ನಿನ್ನನ್ನು ಕಳಿಸಬಾರದು, ಪಕ್ಕದ ಊರಿನವರನ್ನು ಕಳಿಸಬೇಕು. ಅದು ನಿಮ್ಮ ಅಧ್ಯಾಪಕರ ಜವಾಬ್ದಾರಿ. ಮೊದಲ ವರ್ಷ ದಾಖಲೆ ಇರುವ ಸುದ್ದಿ ಮಾತ್ರ ಬರೆಯಿರಿ. ಗ್ರಾಮಸಭೆಯ ನಡಾವಳಿ, ಮಾಹಿತಿ ಹಕ್ಕಿನಲ್ಲಿ ಪಡೆದ ಕಾಗದ, ಆಸ್ಪತ್ರೆಯಲ್ಲಿ ಖಾಲಿ ಇರುವ ಹುದ್ದೆಗಳ ಪಟ್ಟಿ, ಬಸ್ಸಿನ ವೇಳೆ. ಯಾರ ಬಗ್ಗೆ ಬರೆಯುತ್ತೀರೋ ಅವರನ್ನು ಅಚ್ಚಿಗೆ ಹೋಗುವ ಮುಂಚೆಯೇ ಹೋಗಿ ಮಾತಾಡಿಸಿ. ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ ತಿದ್ದುಪಡಿ ಹಾಕಿ. ಹೆಸರು ಹಾಕಿಕೊಂಡು ಬರೆಯಲು ಭಯವಾದರೆ ವಿಭಾಗದ ಹೆಸರಿನಲ್ಲಿ ಬರಲಿ, ಸಂಪಾದಕರಾಗಿ ಅಧ್ಯಾಪಕರು ಹೊಣೆ ಹೊರಲಿ.

ಇನ್ನೊಬ್ಬ ಹುಡುಗ ದುಡ್ಡಿನ ಬಗ್ಗೆ ಕೇಳಿದ. ಕಾನೂನಿನ ಬಗ್ಗೆಯೂ ಕೇಳಿದ. ಒಳ್ಳೆಯ ಪ್ರಶ್ನೆ. ಸಾರ್ವಜನಿಕರಿಗೆ ಹಂಚುವ ಪತ್ರಿಕೆ ಅಂದ ಮೇಲೆ ನೋಂದಣಿ ಬೇಕು. 1867ರ ಹಳೆಯ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅರ್ಜಿಯನ್ನು ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕಬಹುದು. ಮೊದಲು ಕಾಲೇಜು ಪ್ರಕಾಶಕರಾಗಲು ಒಪ್ಪಬೇಕು, ಪ್ರಿಂಟಿಂಗ್ ಪ್ರೆಸ್ಸಿನ ವಿವರ ಬೇಕು, ಹೆಸರು ಬೇರೆ ಯಾರೂ ಬಳಸುತ್ತಿಲ್ಲ ಅನ್ನುವುದನ್ನು ನೋಡಿಕೊಳ್ಳಬೇಕು. ಖರ್ಚಿಗೆ ಎ3 ಹಾಳೆಯ ನಾಲ್ಕು ಪುಟ ಸಾಕು, ತಿಂಗಳಿಗೊಮ್ಮೆ ಬಂದರೆ ಸಾಕು. ಸಂತೆಯ ದಿನ ತನ್ನಿ, ಹಳ್ಳಿಯವರ ಕೈಗೂ ಹೋಗುತ್ತದೆ. ಪುಕ್ಕಟೆ ಕೊಡಬೇಡಿ, ಎರಡು ರೂಪಾಯಿಯಾದರೂ ಇಡಿ. ಜಾಹೀರಾತನ್ನು ಅಂಗಡಿಯವರಿಂದ ತೆಗೆದುಕೊಳ್ಳಿ, ರಾಜಕೀಯದವರಿಂದ ಬೇಡ. ಜಾಹೀರಾತು ಕೇಳಲು ಹೋಗುವ ಹುಡುಗರು ಮತ್ತು ಸುದ್ದಿ ಬರೆಯುವ ಹುಡುಗರು ಬೇರೆ ಬೇರೆ ಇರಲಿ. ಪ್ರಾಂಶುಪಾಲರು ಇಲ್ಲೇ ಕೂತಿದ್ದಾರೆ. ಅರ್ಜಿ ತುಂಬುವ ದಿನ ಕರೆಯಿರಿ, ನಾನೂ ಬಂದು ಜೊತೆಗೆ ಕೂರುತ್ತೇನೆ.